ಹಾಲಿನ ಚೀಟಿ ತಡವಾಗುವುದೇಕೆ?
ಫ್ಯಾಟ್ ಯಂತ್ರದಿಂದ ಕಂಪ್ಯೂಟರಿಗೆ ಲೆಕ್ಕ ಸಾಗುವ ಬಗೆ: ಒಂದು ಪಾಠ



ಬೆಳಗಿನ ಜಾವ ಎದ್ದು, ಕೊಟ್ಟಿಗೆ ಕಸ ತೆಗೆದು, ಹಾಲು ಕರೆದು ಸಂಘಕ್ಕೆ ತರುವ ತಮಗೆ ಅಲ್ಲಿ ಸರದಿಯಲ್ಲಿ ನಿಲ್ಲುವ ಪ್ರತಿ ನಿಮಿಷವೂ ಭಾರವೇ. ಹಾಲಿನ ಮಾದರಿ ತೆಗೆದಾಯಿತು, ಫ್ಯಾಟ್ ಯಂತ್ರದ ಮೇಲೆ ಅಂಕಿ ಮೂಡಿತು. ಆದರೆ ಕಂಪ್ಯೂಟರಿನ ಪರದೆಗೆ ಅದು ಬರುವುದಿಲ್ಲ, ಚೀಟಿ ಹೊರಬೀಳುವುದಿಲ್ಲ. ಕಾರ್ಯದರ್ಶಿಗಳು ಪರದೆ ನೋಡುತ್ತಾ ಕುಳಿತಿರುತ್ತಾರೆ, ಹಿಂದೆ ನಿಂತವರು ಗೊಣಗುತ್ತಿರುತ್ತಾರೆ. ಇಂತಹ ದೃಶ್ಯ ಅನೇಕ ಸಂಘಗಳಲ್ಲಿ ಕಾಣಸಿಗುತ್ತದೆ.

"ಇದು ಕಾರ್ಯದರ್ಶಿಯವರ ಕೆಲಸ, ಹಾಲು ಹಾಕುವ ನಮಗೇಕೆ?" ಎಂದು ತಾವು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಸಂಘ ತಮ್ಮದು. ದುರಸ್ತಿಗೆ ಅಥವಾ ಹೊಸ ಯಂತ್ರಕ್ಕೆ ಖರ್ಚಾಗುವ ಹಣವೂ ತಮ್ಮದೇ. ಎರಡನೆಯದು ಇನ್ನೂ ಮುಖ್ಯವಾದುದು. ಲೆಕ್ಕ ತಡವಾಗಿ ಬರುವ ಕಡೆ ಒಬ್ಬರ ಜಿಡ್ಡಿನ ಅಂಕಿ ಮತ್ತೊಬ್ಬರ ಖಾತೆಗೆ ಹೋಗುವ ಅಪಾಯವಿರುತ್ತದೆ. ಅದು ಹೇಗೆಂಬುದನ್ನು ಈ ಪಾಠದ ಕೊನೆಯ ಭಾಗದಲ್ಲಿ ನೋಡೋಣ.

ಲೆಕ್ಕ ಸಾಗುವ ದಾರಿ

ಹಿಂದೆ ನಮ್ಮ ಸಂಘಗಳಲ್ಲಿ ಗರ್ಬರ್ ವಿಧಾನದಿಂದ ಜಿಡ್ಡಿನಾಂಶ ನೋಡುತ್ತಿದ್ದರು. ಬ್ಯುಟಿರೋಮೀಟರಿಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿ, ಕಂಡ ಅಂಕಿಯನ್ನು ಪರೀಕ್ಷಕರು ಪುಸ್ತಕದಲ್ಲಿ ಬರೆಯುತ್ತಿದ್ದರು. ಅಲ್ಲಿ ಅಂಕಿ ಸಾಗುವ ದಾರಿ ಎಂದರೆ ಕಣ್ಣಿನಿಂದ ಕೈಗೆ, ಕೈಯಿಂದ ಕಾಗದಕ್ಕೆ ಅಷ್ಟೆ.

ಈಗಿನ ವ್ಯವಸ್ಥೆಯಲ್ಲಿ ಕೊಂಡಿಗಳು ಹೆಚ್ಚು. ತೂಕದ ಯಂತ್ರ ಒಂದು ಕಡೆ, ಫ್ಯಾಟ್ ಯಂತ್ರ ಇನ್ನೊಂದು ಕಡೆ. ಇವೆರಡರ ಅಂಕಿಗಳನ್ನು ಕೂಡಿಸಿ ಕಂಪ್ಯೂಟರಿಗೆ ಕಳುಹಿಸುವ ಒಂದು ಪುಟ್ಟ ಪೆಟ್ಟಿಗೆ ನಡುವೆ. ಕೆಲವು ಸಂಘಗಳಲ್ಲಿ ಈ ಪೆಟ್ಟಿಗೆ ಕಂಪನಿಯ ಯಂತ್ರದೊಂದಿಗೇ ಬಂದಿರುತ್ತದೆ. ಇನ್ನು ಕೆಲವು ಕಡೆ ಹತ್ತಿರದ ಪಟ್ಟಣದ ಎಲೆಕ್ಟ್ರಾನಿಕ್ ತಂತ್ರಜ್ಞರಿಂದ ಸಂಘದ ಅಗತ್ಯಕ್ಕೆ ತಕ್ಕಂತೆ ಮಾಡಿಸಿಕೊಂಡಿರುತ್ತಾರೆ. ಹೀಗೆ ಮಾಡಿಸಿಕೊಂಡ ಪೆಟ್ಟಿಗೆ ಅಗ್ಗವೂ ಹೌದು, ಉಪಯುಕ್ತವೂ ಹೌದು. ಆದರೆ ಪೆಟ್ಟಿಗೆ ಮಾಡಿದವರು ಒಬ್ಬರು, ಕಂಪ್ಯೂಟರಿನ ಪ್ರೋಗ್ರಾಂ ಬರೆದವರು ಮತ್ತೊಬ್ಬರು ಆಗಿರುವುದರಿಂದ, ಇವರಿಬ್ಬರ ಮಾತು ಒಂದಕ್ಕೊಂದು ಹೊಂದದೆ ಹೋಗುವುದುಂಟು. ತಡಕ್ಕೆ ಬಹುಪಾಲು ಮೂಲ ಇಲ್ಲೇ ಇರುತ್ತದೆ.

ತಂತಿ ನಿಧಾನವೇ? ಲೆಕ್ಕ ಹಾಕಿ ನೋಡೋಣ

ಚೀಟಿ ತಡವಾದ ಕೂಡಲೇ "ವೈರು ಸರಿಯಿಲ್ಲ", "ಕಂಪ್ಯೂಟರ್ ಹಳೆಯದಾಯಿತು" ಎಂಬ ಮಾತು ಬರುತ್ತದೆ. ಹಾಗೆ ನಿರ್ಧರಿಸುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕು.

ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಅಕ್ಷರಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಆರ್‌ಎಸ್-232 ಎಂಬ ಈ ಪದ್ಧತಿ 1960ರ ದಶಕದಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ಇಡುವ ವೇಗ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ ಸಾಗುತ್ತದೆ.

ಒಬ್ಬ ಸದಸ್ಯರ ಲೆಕ್ಕ, ಅಂದರೆ ಸದಸ್ಯ ಸಂಖ್ಯೆ, ತೂಕ, ಜಿಡ್ಡು, ಜಿಡ್ಡೇತರ ಘನಾಂಶ, ವೇಳೆ ಎಲ್ಲಾ ಸೇರಿ 40 ಅಕ್ಷರ ಎಂದಿಟ್ಟುಕೊಳ್ಳಿ. ಇದು ಸಾಗಲು ಬೇಕಾಗುವ ಸಮಯ ಒಂದು ಸೆಕೆಂಡಿನ 24ನೇ ಒಂದು ಭಾಗ ಮಾತ್ರ. ವೇಗವನ್ನು ಬಹಳ ಕಡಿಮೆ, 1200 ಬಿಟ್ಟಿಗೆ ಇಟ್ಟಿದ್ದರೂ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಆದ್ದರಿಂದ ಒಬ್ಬೊಬ್ಬರಿಗೂ ಐದು, ಹತ್ತು ಸೆಕೆಂಡು ತಡವಾಗುತ್ತಿದ್ದರೆ ಅದಕ್ಕೆ ತಂತಿಯ ವೇಗ ಕಾರಣವಲ್ಲ. ಎಲ್ಲೋ ಒಂದು ಕಡೆ ಯಾರೋ ಯಾರಿಗೋ ಕಾಯುತ್ತಿದ್ದಾರೆ ಎಂದೇ ಅರ್ಥ.

ವೇಗದ ಬಗ್ಗೆ ಇನ್ನೊಂದು ತಪ್ಪು ತಿಳುವಳಿಕೆ ಇದೆ. ಪೆಟ್ಟಿಗೆಯ ವೇಗ ಒಂದು, ಕಂಪ್ಯೂಟರಿನ ವೇಗ ಇನ್ನೊಂದು ಆದರೆ ಲೆಕ್ಕ ನಿಧಾನವಾಗಿ ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಆಗ ಅಕ್ಷರಗಳೇ ಕೆಟ್ಟು, ಅರ್ಥವಿಲ್ಲದ ಗುರುತುಗಳು ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ.

ಗಡಿಯಾರದ ಪರೀಕ್ಷೆ

ತಡ ಎಲ್ಲಿದೆ ಎಂದು ಕಂಡುಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಸೆಕೆಂಡು ತೋರಿಸುವ ಒಂದು ಗಡಿಯಾರ, ಒಂದು ಹಾಳೆ, ಒಂದು ಪೆನ್ನು ಸಾಕು. ಸರದಿಯಲ್ಲಿ ಹತ್ತು ಮಂದಿಯ ಹಾಲಿಗೆ ಈ ಮೂರು ಸಮಯಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು.

1. ಮಾದರಿ ಇಟ್ಟು ಗುಂಡಿ ಒತ್ತಿದಾಗಿನಿಂದ ಫ್ಯಾಟ್ ಯಂತ್ರದ ಮೇಲೆ ಅಂಕಿ ಮೂಡುವವರೆಗೆ.
2. ಯಂತ್ರದ ಮೇಲೆ ಅಂಕಿ ಮೂಡಿದಾಗಿನಿಂದ ಕಂಪ್ಯೂಟರ್ ಪರದೆಯ ಮೇಲೆ ಅದೇ ಅಂಕಿ ಬರುವವರೆಗೆ.
3. ಪರದೆಗೆ ಬಂದಾಗಿನಿಂದ ಚೀಟಿ ಹೊರಬೀಳುವವರೆಗೆ.

ಮೊದಲನೆಯದು ಪರೀಕ್ಷೆಯ ಸಮಯ. ಶ್ರವಣಾತೀತ ಶಬ್ದದ ಅಲೆಗಳಿಂದ ಹಾಲನ್ನು ಪರೀಕ್ಷಿಸುವ ಯಂತ್ರಗಳು ಒಂದು ಮಾದರಿಗೆ ಸುಮಾರು ಅರ್ಧದಿಂದ ಒಂದು ನಿಮಿಷ ತೆಗೆದುಕೊಳ್ಳುವುದು ಸಹಜ. ಇದು ದೋಷವಲ್ಲ, ಇದನ್ನು ಕಡಿಮೆ ಮಾಡಲು ಯಂತ್ರಕ್ಕೆ ಕೈ ಹಾಕಬಾರದು. ಎರಡನೆಯದೇ ನಿಜವಾದ ಸಾಗಣೆಯ ಸಮಯ. ಪೆಟ್ಟಿಗೆ, ತಂತಿ ಮತ್ತು ಪ್ರೋಗ್ರಾಂ ಇವುಗಳ ದೋಷ ಕಾಣುವುದು ಇಲ್ಲಿ. ಮೂರನೆಯದು ಹೆಚ್ಚಾಗಿದ್ದರೆ ಪ್ರಿಂಟರ್, ಕಂಪ್ಯೂಟರಿನಲ್ಲಿ ಲೆಕ್ಕ ಬರೆದಿಡುವ ಕಡತ ಅಥವಾ ಇಂಟರ್ನೆಟ್ ಕಡೆ ನೋಡಬೇಕು. ಈಗ ಪ್ರತಿ ಚೀಟಿಯ ಲೆಕ್ಕವನ್ನೂ ದೂರದ ಕಂಪ್ಯೂಟರಿಗೆ ಕಳುಹಿಸಿ, ಅಲ್ಲಿಂದ ಉತ್ತರ ಬಂದ ಮೇಲೆಯೇ ಮುಂದಿನವರನ್ನು ಕರೆಯುವ ಪ್ರೋಗ್ರಾಂಗಳು ಇವೆ. ಮೊಬೈಲ್ ಸಿಗ್ನಲ್ ಕ್ಷೀಣವಾಗಿರುವ ಊರಿನಲ್ಲಿ ಇದೇ ದೊಡ್ಡ ತಡ. ಲೆಕ್ಕವನ್ನು ಮೊದಲು ಸಂಘದ ಕಂಪ್ಯೂಟರಿನಲ್ಲೇ ಬರೆದಿಟ್ಟು, ಚೀಟಿ ಕೊಟ್ಟು, ಆಮೇಲೆ ಹೊರಗೆ ಕಳುಹಿಸುವಂತೆ ಮಾಡಿಸುವುದು ಇದಕ್ಕೆ ಪರಿಹಾರ.

ತೂಕದ ಅಂಕಿಯೇ ತಡವಾಗಿ ಬರುತ್ತಿದ್ದರೆ ಯಂತ್ರ ಇಟ್ಟಿರುವ ಜಾಗ ನೋಡಿ. ಮೇಜು ಅಲುಗಾಡುತ್ತಿದ್ದರೆ, ಫ್ಯಾನಿನ ಗಾಳಿ ನೇರವಾಗಿ ತಟ್ಟೆಗೆ ಬಡಿಯುತ್ತಿದ್ದರೆ ತೂಕ ನಿಲ್ಲುವುದಿಲ್ಲ. ತೂಕ ನಿಲ್ಲುವವರೆಗೆ ಪೆಟ್ಟಿಗೆ ಅಂಕಿಯನ್ನು ಕಳುಹಿಸುವುದಿಲ್ಲ.

ತಡದ ಮೂರು ಗುಣ

ವೈದ್ಯರು ಜ್ವರ ಎಂದ ಕೂಡಲೇ ಔಷಧ ಕೊಡುವುದಿಲ್ಲ. ಜ್ವರ ಒಂದೇ ಸಮನಿದೆಯೇ, ಬಿಟ್ಟು ಬಿಟ್ಟು ಬರುತ್ತದೆಯೇ ಎಂದು ಕೇಳುತ್ತಾರೆ. ಹಾಗೆಯೇ ಹತ್ತು ಮಂದಿಯ ಸಮಯ ಬರೆದ ಹಾಳೆಯನ್ನು ಮುಂದಿಟ್ಟುಕೊಂಡು ತಡದ ಗುಣವನ್ನು ಗಮನಿಸಬೇಕು.

ಒಂದೇ ಸಮನಾದ ತಡ: ಪ್ರತಿಯೊಬ್ಬರಿಗೂ ಕರಾರುವಾಕ್ಕಾಗಿ 5 ಅಥವಾ 10 ಸೆಕೆಂಡು ತಡವಾಗುತ್ತಿದ್ದರೆ, ಪ್ರೋಗ್ರಾಂ ಬಾರದ ಒಂದು ಗುರುತಿಗಾಗಿ ಕಾಯುತ್ತಿದೆ ಎಂದು ಊಹಿಸಬಹುದು. ಇಷ್ಟು ಸಮಯ ಕಾದು, ಬಾರದಿದ್ದರೆ ಬಂದಷ್ಟನ್ನೇ ತೆಗೆದುಕೊಳ್ಳಬೇಕೆಂದು ಅದರಲ್ಲಿ ಬರೆದಿರುತ್ತಾರೆ. ಆ ಗಡುವು ತೀರಿದ ಮೇಲಷ್ಟೇ ಅಂಕಿ ಪರದೆಗೆ ಬರುತ್ತದೆ.

ದಿನೇ ದಿನೇ ಬೆಳೆಯುವ ತಡ: ತಿಂಗಳ ಮೊದಲು ಚುರುಕಾಗಿದ್ದು, ಬಟವಾಡೆ ಹತ್ತಿರವಾದಂತೆ ನಿಧಾನವಾದರೆ, ಅಥವಾ ಹೊಸದರಲ್ಲಿ ಚೆನ್ನಾಗಿದ್ದು ವರ್ಷದಿಂದ ವರ್ಷಕ್ಕೆ ನಿಧಾನವಾದರೆ, ಪೆಟ್ಟಿಗೆಯದಾಗಲಿ ತಂತಿಯದಾಗಲಿ ತಪ್ಪಿಲ್ಲ. ಪ್ರತಿ ಸಾರಿಯೂ ಪ್ರೋಗ್ರಾಂ ಹಳೆಯ ಲೆಕ್ಕವನ್ನೆಲ್ಲ ಮೊದಲಿನಿಂದ ಹುಡುಕುತ್ತಿರುತ್ತದೆ. ಹಳೆಯ ವರ್ಷಗಳ ಲೆಕ್ಕದ ಎರಡು ಪ್ರತಿ ತೆಗೆದು, ಒಂದನ್ನು ಬೇರೆ ಕಡೆ ಭದ್ರವಾಗಿಟ್ಟು, ನಂತರ ಕಡತವನ್ನು ಹಗುರ ಮಾಡಿಸಬೇಕು. ಪುಸ್ತಕಕ್ಕೆ ವಿಷಯಸೂಚಿ ಇದ್ದಂತೆ ಕಡತಕ್ಕೂ ಸೂಚಿ ಮಾಡಿಕೊಡಲು ಪ್ರೋಗ್ರಾಂ ಬರೆದವರನ್ನು ಕೇಳಬೇಕು.

ಹೊತ್ತುಗೊತ್ತಿಲ್ಲದ ತಡ: ಒಬ್ಬರಿಗೆ ತಕ್ಷಣ, ಇನ್ನೊಬ್ಬರಿಗೆ ಅರ್ಧ ನಿಮಿಷ ಎಂಬಂತಿದ್ದರೆ ತಂತಿಯ ಕಡೆ ನೋಡಬೇಕು. ಒಳ್ಳೆಯ ಪೆಟ್ಟಿಗೆಗಳು ಪ್ರತಿ ಲೆಕ್ಕದ ಕೊನೆಗೆ ಒಂದು ತಾಳೆ ಅಂಕಿಯನ್ನು ಸೇರಿಸಿ ಕಳುಹಿಸುತ್ತವೆ. ಲಾರಿಗೆ ಏರಿಸಿದ ಕ್ಯಾನುಗಳನ್ನು ಡೇರಿಯಲ್ಲಿ ಇಳಿಸುವಾಗ ಮತ್ತೆ ಎಣಿಸಿದಂತೆ ಇದು. ಎಣಿಕೆ ತಾಳೆಯಾಗದಿದ್ದರೆ ಕಂಪ್ಯೂಟರ್ "ಮತ್ತೆ ಕಳುಹಿಸು" ಎನ್ನುತ್ತದೆ. ಹೀಗೆ ಮೂರು ನಾಲ್ಕು ಸಲ ಆದರೆ ತಡವಾಗುತ್ತದೆ. ಶೀತಲೀಕರಣ ಘಟಕದ ಕಂಪ್ರೆಸರ್ ಚಾಲೂ ಆದಾಗಲೆಲ್ಲ ಹೀಗಾಗುತ್ತದೆಯೇ ಎಂದು ಗಮನಿಸಿ. ಹೌದಾದರೆ ಲೆಕ್ಕದ ತಂತಿಯನ್ನು ಮೋಟಾರಿನ ತಂತಿಯಿಂದ ದೂರ ಎಳೆಸಿ, ಕವಚವಿರುವ ತಂತಿ ಹಾಕಿಸಿ, ಭೂಸಂಪರ್ಕ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ. ಈ ಬಗೆಯ ತಂತಿಯ ಉದ್ದ ಸಾಮಾನ್ಯವಾಗಿ 15 ಮೀಟರ್ ಮೀರಬಾರದು. ನೆಲ ತೊಳೆದ ನೀರು, ಹಾಲಿನ ಪಸೆ ತಾಗಿ ಕೊಂಡಿಯ ಪಿನ್ನುಗಳು ಕಿಲುಬು ಹಿಡಿಯುವುದೂ ಸಾಮಾನ್ಯ. ಕೊಂಡಿಗಳು ನೆಲದಿಂದ ಮೇಲಿರಲಿ.

ದೋಷ ಪೆಟ್ಟಿಗೆಯ ಕಡೆಯೋ ಕಂಪ್ಯೂಟರಿನ ಕಡೆಯೋ ಎಂಬ ಜಗಳ ಬಂದರೆ ಅದಕ್ಕೂ ಒಂದು ಪರೀಕ್ಷೆಯಿದೆ. ಪೆಟ್ಟಿಗೆಯನ್ನು ಬಿಚ್ಚಿ ಬದಿಗಿಟ್ಟು, ಕಂಪ್ಯೂಟರಿನ ಕಡೆಯ 9 ಪಿನ್ನಿನ ಕೊಂಡಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ತಂತ್ರಜ್ಞರಿಂದ ಜೋಡಿಸಿ. ಆಗ ಕೀಲಿಮಣೆಯಲ್ಲಿ ಒತ್ತಿ ಕಳುಹಿಸಿದ ಅಕ್ಷರ ಅದೇ ದಾರಿಯಲ್ಲಿ ಹಿಂದಿರುಗಿ ಪರದೆಗೆ ಬರಬೇಕು. ತಕ್ಷಣ ಬಂದರೆ ಕಂಪ್ಯೂಟರ್ ಕಡೆ ಸರಿಯಿದೆ, ಮುಂದೆ ಹುಡುಕಬೇಕು. ಯಾವುದನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮತ್ತೆ ಗಡಿಯಾರ ಹಿಡಿದು ನೋಡಬೇಕು. ಮೇವು, ಹಿಂಡಿ, ಔಷಧ ಮೂರನ್ನೂ ಒಂದೇ ದಿನ ಬದಲಿಸಿದರೆ ಹಾಲು ಹೆಚ್ಚಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲವಷ್ಟೆ.

ಕೂಡಿಟ್ಟ ಲೆಕ್ಕ ಇಳಿಸುವಾಗ

ಕರೆಂಟು ಇಲ್ಲದಾಗ ಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆದು ಲೆಕ್ಕವನ್ನು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಒಟ್ಟಾಗಿ ಕಂಪ್ಯೂಟರಿಗೆ ಇಳಿಸಬೇಕು. ಇಲ್ಲಿನ ತಡಕ್ಕೆ ಕಾರಣ ಬೇರೆ.

150 ಸದಸ್ಯರ ಒಂದು ಹೊತ್ತಿನ ಲೆಕ್ಕ 6,000 ಅಕ್ಷರ. 9600 ವೇಗದಲ್ಲಿ ಇದಕ್ಕೆ 6 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಈಗಿನ ಕಂಪ್ಯೂಟರುಗಳಲ್ಲಿ ಹಳೆಯ 9 ಪಿನ್ನಿನ ಕಿಂಡಿ ಇರುವುದು ಅಪರೂಪ. ಯುಎಸ್‌ಬಿ ಪರಿವರ್ತಕವನ್ನು ನಡುವೆ ಹಾಕುತ್ತಾರೆ. ಈ ಪರಿವರ್ತಕದ ಸ್ವಭಾವ ನಮ್ಮ ಹಾಲಿನ ಗಾಡಿಯಂತೆ. ಗಾಡಿ ಕ್ಯಾನುಗಳಿಂದ ತುಂಬಿದರೆ ಕೂಡಲೇ ಹೊರಡುತ್ತದೆ. ತುಂಬದಿದ್ದರೆ ಹೊರಡುವ ವೇಳೆಯಾಗುವವರೆಗೆ ಕಾಯುತ್ತದೆ. ಕೆಲವು ಪರಿವರ್ತಕಗಳಲ್ಲಿ ಈ ಕಾಯುವ ವೇಳೆಯನ್ನು 16 ಮಿಲಿಸೆಕೆಂಡಿಗೆ ಇಟ್ಟಿರುತ್ತಾರೆ. ಒಂದು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಇದು ಕೇಳಲು ಅತಿ ಅಲ್ಪ. ಆದರೆ ಪೆಟ್ಟಿಗೆ ಒಂದು ಅಕ್ಷರ ಕಳುಹಿಸಿ, "ತಲುಪಿತು" ಎಂಬ ಉತ್ತರ ಬಂದ ಮೇಲೆಯೇ ಇನ್ನೊಂದು ಅಕ್ಷರ ಕಳುಹಿಸುವಂತೆ ಮಾಡಿದ್ದರೆ ಏನಾಗುತ್ತದೆ? ಪ್ರತಿ ಅಕ್ಷರಕ್ಕೂ ಸುಮಾರು 16 ಮಿಲಿಸೆಕೆಂಡು ಕಾಯಬೇಕು. 6,000 ಅಕ್ಷರಕ್ಕೆ ಕಾಯುವುದರಲ್ಲೇ 96 ಸೆಕೆಂಡು ಹೋಯಿತು. ತಿಂಗಳ 60 ಹೊತ್ತಿನ ಲೆಕ್ಕ ಒಟ್ಟಿಗೆ ಇಳಿಸಹೊರಟರೆ 1 ಗಂಟೆ 36 ನಿಮಿಷ! ಒಂದೊಂದು ಲೋಟ ಹಾಲಿಗೂ ಒಂದೊಂದು ಗಾಡಿ ಹೊರಡಿಸಿದ ಹಾಗೆ ಇದು. ಅದೇ ಒಬ್ಬ ಸದಸ್ಯರ 40 ಅಕ್ಷರವನ್ನು ಒಂದೇ ಕಂತಿನಲ್ಲಿ ಕಳುಹಿಸಿ ಒಂದೇ ಉತ್ತರ ಪಡೆದರೆ, ತಿಂಗಳ ಲೆಕ್ಕ ಸುಮಾರು 9 ನಿಮಿಷದಲ್ಲಿ ಮುಗಿಯುತ್ತದೆ.

ಪೆಟ್ಟಿಗೆ ಮಾಡಿದವರಿಗೆ ಹೇಳಬೇಕಾದದ್ದು ಇಷ್ಟೆ: "ಅಕ್ಷರಕ್ಕೊಂದು ಉತ್ತರ ಬೇಡ, ಲೆಕ್ಕಕ್ಕೊಂದು ಉತ್ತರ ಸಾಕು." ಇಂತಹ ಪರಿವರ್ತಕಗಳಲ್ಲಿ ಕಾಯುವ ವೇಳೆಯನ್ನು ಕಂಪ್ಯೂಟರಿನಲ್ಲೇ ಕಡಿಮೆ ಮಾಡಲು ಬರುತ್ತದೆ; ಅದನ್ನೂ ತಂತ್ರಜ್ಞರಿಂದ ಮಾಡಿಸಬಹುದು. ತಂತಿಯ ವೇಗವನ್ನು ಎಷ್ಟು ಏರಿಸಿದರೂ ಈ ಕಾಯುವಿಕೆ ಕಡಿಮೆಯಾಗುವುದಿಲ್ಲ.

ತಡಕ್ಕಿಂತ ದೊಡ್ಡ ಅಪಾಯ

ನಾವು ಭೇಟಿ ನೀಡಿದ ಒಂದು ಸಂಘದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅವಶ್ಯ. ಅಲ್ಲಿ ಒಬ್ಬೊಬ್ಬರ ಲೆಕ್ಕವೂ 10 ಸೆಕೆಂಡು ತಡವಾಗಿ ಪರದೆಗೆ ಬರುತ್ತಿತ್ತು. ಹಾಲು ಹಾಕುವವರು 120 ಮಂದಿ. ಒಟ್ಟು 20 ನಿಮಿಷ ವ್ಯರ್ಥ. ಬೇಸಿಗೆಯ ಸಂಜೆ 20 ನಿಮಿಷ ಕ್ಯಾನಿನಲ್ಲೇ ಕುಳಿತ ಹಾಲಿನ ಗುಣಮಟ್ಟ ಏನಾದೀತು ಎಂಬುದು ತಮಗೆ ತಿಳಿದದ್ದೇ. ಆಡಳಿತ ಮಂಡಳಿಯವರು ಹೊಸ ಕಂಪ್ಯೂಟರ್ ಕೊಳ್ಳುವ ಮಾತಾಡುತ್ತಿದ್ದರು.

ಸರದಿ ಬೇಗ ಸಾಗಲೆಂದು ಕಾರ್ಯದರ್ಶಿಗಳು ಒಂದು ಉಪಾಯ ಕಂಡುಕೊಂಡಿದ್ದರು. ಕಾಯುವ ಬದಲು, ಯಂತ್ರದ ಮೇಲಿನ ಅಂಕಿಯನ್ನು ನೋಡಿ ತಾವೇ ಒತ್ತಿ, ಮುಂದಿನವರನ್ನು ಕರೆಯುತ್ತಿದ್ದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಪೆಟ್ಟಿಗೆ ಕಳುಹಿಸಿದ ಅಂಕಿ ಎಲ್ಲಿಗೂ ಹೋಗಿರಲಿಲ್ಲ. ಕಂಪ್ಯೂಟರಿನ ಬಾಗಿಲಲ್ಲೇ ಕಾದು ನಿಂತಿತ್ತು. ಮುಂದಿನ ಸದಸ್ಯರ ಸಂಖ್ಯೆ ಒತ್ತಿದ ಕೂಡಲೇ ಆ ಹಳೆಯ ಅಂಕಿ ಅವರ ಹೆಸರಿಗೆ ಬಂದು ಕೂರುತ್ತಿತ್ತು. ಅಲ್ಲಿಂದಾಚೆಗೆ ಎಲ್ಲರ ಲೆಕ್ಕವೂ ಒಂದೊಂದು ಮನೆ ಜರುಗುತ್ತಿತ್ತು.

ಇದನ್ನು ಕಂಡುಹಿಡಿದವರು ತಂತ್ರಜ್ಞರಲ್ಲ, ಒಂದೇ ಹಸು ಇಟ್ಟುಕೊಂಡಿರುವ ಒಬ್ಬ ಹಿರಿಯ ಮಹಿಳಾ ಸದಸ್ಯರು. ತಮ್ಮ ಚೀಟಿಯಲ್ಲಿ 6.5 ಜಿಡ್ಡು ನೋಡಿ ಅವರು ಚೀಟಿಯನ್ನು ಹಿಂದಕ್ಕೆ ಕೊಟ್ಟು, "ನೋಡಪ್ಪ, ನಮ್ಮನೆ ಹಸು ಯಾವತ್ತೂ ಇಷ್ಟು ಫ್ಯಾಟು ಕೊಟ್ಟಿಲ್ಲ. ಇದು ನಂದಲ್ಲ, ಯಾರದೋ ಎಮ್ಮೇದು. ಇನ್ನೊಂದ್ಸಲ ನೋಡು" ಎಂದರು. ಮತ್ತೆ ನೋಡಿದಾಗ 3.8 ಬಂತು. ಅವರ ಮುಂದೆ ನಿಂತಿದ್ದವರು ಎಮ್ಮೆ ಹಾಲು ಹಾಕಿದ್ದರು.

ಇದರ ಬೆಲೆ ಎಷ್ಟು ಎಂದು ನೋಡಿ. 5 ಕಿಲೋ ಹಾಲಿನಲ್ಲಿ 6.5ರಂತೆ 325 ಗ್ರಾಂ ಜಿಡ್ಡು, 3.8ರಂತೆ 190 ಗ್ರಾಂ. ಒಂದು ಹೊತ್ತಿಗೆ 135 ಗ್ರಾಂ ವ್ಯತ್ಯಾಸ. ಹಸುವಿನ ಹಾಲಿನವರ ಹಿಂದೆ ಎಮ್ಮೆ ಹಾಲು ತಂದವರು ನಿಂತರೆ ಅಷ್ಟೂ ಅವರಿಗೆ ನಷ್ಟ. ಅವರು "ಯಂತ್ರದಲ್ಲಿ ಮೋಸ" ಎಂದು ಬೇರೆ ಕಡೆ ಹಾಲು ಹಾಕಲು ಹೊರಟರೆ ಅದು ಸಂಘಕ್ಕೆ ನಷ್ಟ.

ತಡದ ಕಾರಣ ಕೊನೆಗೆ ಸಿಕ್ಕಿತು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಗಾಡಿಯನ್ನು ಹಿಂದಕ್ಕೆ ತಳ್ಳುವುದು, ಕಾಗದವನ್ನು ಒಂದು ಸಾಲು ಮೇಲೇರಿಸುವುದು ಎಂಬ ಎರಡು ಕೆಲಸಗಳಿದ್ದವು. ಕಂಪ್ಯೂಟರಿನಲ್ಲೂ ಇವಕ್ಕೆ ಎರಡು ಗುರುತುಗಳು ಉಳಿದುಕೊಂಡಿವೆ. ಪೆಟ್ಟಿಗೆ ಮೊದಲನೆಯದನ್ನು ಮಾತ್ರ ಕಳುಹಿಸುತ್ತಿತ್ತು. ಪ್ರೋಗ್ರಾಂ ಎರಡನೆಯದಕ್ಕಾಗಿ 10 ಸೆಕೆಂಡು ಕಾಯುತ್ತಿತ್ತು. ಪೆಟ್ಟಿಗೆ ಮಾಡಿದವರು ಬಂದು ಆ ಗುರುತನ್ನು ಸೇರಿಸಿದರು, ತಡ ಹೋಯಿತು. ಹೊಸ ಕಂಪ್ಯೂಟರ್ ತಂದಿದ್ದರೆ ಅದೂ ಅಷ್ಟೇ 10 ಸೆಕೆಂಡು ಕಾಯುತ್ತಿತ್ತು! ಜೊತೆಗೆ, ಹೊಸ ಸದಸ್ಯರ ಸಂಖ್ಯೆ ಒತ್ತಿದಾಗ ಬಾಗಿಲಲ್ಲಿ ನಿಂತ ಹಳೆಯ ಅಂಕಿಯನ್ನು ಅಳಿಸುವಂತೆಯೂ, ಪ್ರತಿ ಮಾದರಿಗೂ ಕ್ರಮಸಂಖ್ಯೆ ಕೊಟ್ಟು ಅದು ತಾಳೆಯಾಗದಿದ್ದರೆ ಲೆಕ್ಕ ಸ್ವೀಕರಿಸದಂತೆಯೂ ಪ್ರೋಗ್ರಾಂ ತಿದ್ದಲಾಯಿತು.

ತಡ ತಾನಾಗಿ ಯಾರ ಹಣವನ್ನೂ ಕಳೆಯಲಿಲ್ಲ. ತಡ ತಪ್ಪಿಸಲು ಮಾಡಿದ ಅವಸರ ಕಳೆಯಿತು ಎಂಬುದನ್ನು ಮರೆಯಬಾರದು.

ನೆನಪಿಡಬೇಕಾದ ಅಂಶಗಳು

1. ಚೀಟಿ ಪಡೆದ ಕೂಡಲೇ ಸದಸ್ಯ ಸಂಖ್ಯೆ, ತೂಕ, ಜಿಡ್ಡು ಮೂರನ್ನೂ ಅಲ್ಲೇ ನೋಡಿ. ಅಂಕಿ ಕಡಿಮೆಯಾದಾಗ ಮಾತ್ರವಲ್ಲ, ಅಕಾರಣವಾಗಿ ಹೆಚ್ಚಾದಾಗಲೂ ಕೇಳಿ. ತಮಗೆ ಹೆಚ್ಚಿಗೆ ಬಂದದ್ದು ಪಕ್ಕದವರದ್ದಾಗಿರಬಹುದು.
2. ವ್ಯವಸ್ಥೆ ಕೈಕೊಟ್ಟಾಗ ಕಾರ್ಯದರ್ಶಿಗಳು ಅಂಕಿಗಳನ್ನು ಸರದಿಯ ಕ್ರಮದಲ್ಲಿ, ಶಾಯಿಯಲ್ಲಿ, ಆಗಿಂದಾಗ್ಗೆ ಪುಸ್ತಕದಲ್ಲಿ ಬರೆಯಲಿ. ಕೊನೆಗೆ ನೆನಪಿನಿಂದ ತುಂಬುವುದು, ಸರಾಸರಿ ಹಾಕುವುದು ಕೂಡದು.
3. ಫ್ಯಾಟ್ ಯಂತ್ರದ ಹೊಂದಾಣಿಕೆಯನ್ನಾಗಲಿ, ತೂಕದ ಯಂತ್ರದ ಮೇಲಿನ ಕಾನೂನು ಮಾಪನ ಇಲಾಖೆಯ ಮುದ್ರೆಯನ್ನಾಗಲಿ ಯಾರೂ ಮುಟ್ಟಬಾರದು. ಸಾಗಣೆಯ ತಡಕ್ಕೂ ಅವಕ್ಕೂ ಸಂಬಂಧವಿಲ್ಲ.
4. ಹೊಸ ಯಂತ್ರ ಕೊಳ್ಳುವ ಠರಾವು ಮಾಡುವ ಮೊದಲು ಆಡಳಿತ ಮಂಡಳಿಯವರು ಹತ್ತು ಮಂದಿಯ ಸಮಯ ಬರೆದ ಹಾಳೆಯನ್ನು ತರಿಸಿ ನೋಡಲಿ.
5. ಪೆಟ್ಟಿಗೆ ಮಾಡಿಸುವಾಗ ಅದರ ವೇಗ, ಲೆಕ್ಕದ ಅಕ್ಷರಗಳ ಕ್ರಮ, ಸಾಲಿನ ಕೊನೆಯ ಗುರುತು ಇವನ್ನು ಮಾಡಿದವರಿಂದ ಬರೆಸಿಕೊಂಡು ಸಂಘದ ಕಡತದಲ್ಲಿಡಿ. ಮುಂದೆ ಯಾರು ಬಂದರೂ ದುರಸ್ತಿ ಮಾಡಲು ಅದೇ ಆಧಾರ.

ಅಭ್ಯಾಸ

ಈ ಪ್ರಶ್ನೆಗಳನ್ನು ಸಂಘದ ಮುಂದಿನ ಸಭೆಯಲ್ಲಿ ತಾವೇ ಚರ್ಚಿಸಿ.

1. ನಮ್ಮ ಸಂಘದಲ್ಲಿ ಯಂತ್ರದ ಅಂಕಿ ಪರದೆಗೆ ಬರಲು ಎಷ್ಟು ಸೆಕೆಂಡು ಹಿಡಿಯುತ್ತದೆ? ಎಲ್ಲರಿಗೂ ಒಂದೇ ಸಮನಿದೆಯೇ?
2. ಕರೆಂಟು ಹೋದ ಹೊತ್ತಿನ ಲೆಕ್ಕ ಎಲ್ಲಿ ಉಳಿಯುತ್ತದೆ? ಅದನ್ನು ಇಳಿಸಿದ ಮೇಲೆ ಪುಸ್ತಕದೊಡನೆ ತಾಳೆ ನೋಡುವವರು ಯಾರು?
3. ಅಂಕಿ ಬರುವ ಮೊದಲೇ ಮುಂದಿನವರ ಸಂಖ್ಯೆ ಒತ್ತಿದರೆ ನಮ್ಮ ಪ್ರೋಗ್ರಾಂ ಏನು ಮಾಡುತ್ತದೆ? ಹಾಲು ಹಾಕುವ ಹೊತ್ತಿನಲ್ಲಲ್ಲ, ಬಿಡುವಿನ ವೇಳೆಯಲ್ಲಿ, ಒಂದು ಎಮ್ಮೆ ಹಾಲಿನ ಮತ್ತು ಒಂದು ಹಸುವಿನ ಹಾಲಿನ ಮಾದರಿ ಇಟ್ಟು ಪರೀಕ್ಷಿಸಿ ನೋಡಿ.

ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ಸಂಘದಲ್ಲಿ ಸದಸ್ಯರು ತಮ್ಮ ಚೀಟಿಯನ್ನು ನಿಶ್ಚಿಂತೆಯಿಂದ ಮನೆಗೆ ಒಯ್ಯಬಹುದು.